ಮಲಪ್ರಭೆಯ ಕಲ್ಲುದಡದಲ್ಲಿ ಮನೆಗಾಡಿ

ಹೊಸ್ತಿಲ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡದ ಹಾದಿ ಹಿಡಿದು ಹೊರಡುವ ಚಕ್ಕಡಿಗಳ ಸಾಲನ್ನು ಬಾಲ್ಯದಲ್ಲಿ ಕಂಡವರಿಗೆ, ಗಾಲಿಯ ಮೇಲೆ ಮನೆಯನ್ನಿಟ್ಟುಕೊಂಡು ಸಂಚರಿಸುವ ಕಲ್ಪನೆಯು ಪರದೇಶದಿಂದ ಬಂದ ನವೀನ ಸಂಗತಿಯೆಂದು ತೋರಲಾರದು. ಬಿದಿರಿನ ಕಮಾನು ಕಟ್ಟಿ, ಅದರ ಮೇಲೆ ತಾಡಪತ್ರಿ ಹೊದಿಸಿ, ಒಳಗೆ ಮೆತ್ತಗೆ ಹುಲ್ಲು ಹರವಿ ಅದರ ಮೇಲೊಂದು ಕೌದಿ ಹಾಸಿ, ರೊಟ್ಟಿಯ ಬುಟ್ಟಿ, ಹಿಂಡಿಯ ಡಬ್ಬಿ, ನೀರಿನ ಕೊಡ, ಎತ್ತುಗಳಿಗೆ ಮೂರು ದಿನದ ಕಣಿಕೆ, ಇಷ್ಟನ್ನೂ ಹೇರಿಕೊಂಡು ಹೊರಟ ಕುಟುಂಬವು ಕತ್ತಲಾದಲ್ಲಿ ಕೊಳ್ಳು ಹರಿದು, ಮೂರು ಕಲ್ಲಿಟ್ಟು ಒಲೆ ಹೂಡಿ, ಉಂಡು, ಆ ಕಮಾನಿನ ಕೆಳಗೇ ಮಲಗಿ, ಬೆಳ್ಳಿಚುಕ್ಕೆ ಮೂಡುವ ಹೊತ್ತಿಗೆ ಮತ್ತೆ ಎತ್ತು ಹೂಡುತ್ತಿತ್ತು. ಈಗ ವರ್ತಮಾನಪತ್ರಿಕೆಗಳು ಕ್ಯಾರವಾನ್ ಎಂದು ಕರೆಯುವ ವಾಹನಕ್ಕೆ ನಾವಿಬ್ಬರೂ ಮನೆಯಲ್ಲಿ ಇಟ್ಟುಕೊಂಡಿರುವ ಹೆಸರು ಮನೆಗಾಡಿ. ನಾನೂ ನನ್ನ ಸಹಧರ್ಮಿಣಿಯೂ ಈ ಮನೆಗಾಡಿಯಲ್ಲಿ ಕಿತ್ತೂರಿನಿಂದ ರಾಮದುರ್ಗದವರೆಗೆ, ಮಲಪ್ರಭೆಯನ್ನು ಆದಷ್ಟು ಬಿಡದೆ, ಆರು ದಿನ ಸಂಚರಿಸಿದೆವು. ಆ ಬಗೆಯ ಪಯಣವನ್ನು ಕೈಗೊಳ್ಳಬಯಸುವ ದಂಪತಿಗಳಿಗೆ ಉಪಯೋಗವಾಗಲೆಂದು ನಮ್ಮ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ.

ಶಿಲಾಮಯವಾದ ಕಡಲತೀರದಲ್ಲಿ ವಾಹನ ನಿಲ್ಲಿಸಿ ಬಿಡಾರ ಹೂಡಬೇಕೆಂಬ ಆಸೆಯುಳ್ಳವರು ಸಾಮಾನ್ಯವಾಗಿ ಕಾರವಾರ, ಗೋಕರ್ಣಗಳ ದಾರಿ ಹಿಡಿಯುವರು. ಅದು ತಪ್ಪಲ್ಲ. ಆದರೆ ಕಡಲಿನಿಂದ ಬಹುದೂರದಲ್ಲಿರುವ ನಮ್ಮ ಈ ಬಯಲುಸೀಮೆಯಲ್ಲಿಯೂ ಒಂದು ಕಲ್ಲುದಡವಿದೆ. ಅದು ಎರಡು ಅರ್ಥಗಳಲ್ಲಿ ದಡವೆಂಬುದನ್ನು ಬಹಳ ಮಂದಿ ಅರಿತಿಲ್ಲ. ಸವದತ್ತಿಯ ಸಮೀಪ ನವಿಲುತೀರ್ಥದ ಇಕ್ಕಟ್ಟಾದ ಕಣಿವೆಗೆ ಅಡ್ಡಲಾಗಿ ಕಟ್ಟಿ 1972ರಲ್ಲಿ ಮುಗಿಸಿದ ಅಣೆಕಟ್ಟಿನ ಹಿಂದೆ ರೇಣುಕಾಸಾಗರವು ಹರಡಿರುವುದರಿಂದ, ಗುಡ್ಡಗಳ ಬಂಡೆಗಳೇ ಅಲ್ಲಿ ನೀರಿಗೆ ಅಂಚು ಕಟ್ಟಿವೆ. ಇದು ಕಣ್ಣಿಗೆ ಕಾಣುವ ದಡ. ಇನ್ನೊಂದು ದಡ ಆ ಬಂಡೆಗಳ ಒಳಗೇ ಅಡಗಿದೆ. ಅದರ ವಿಷಯವನ್ನು ನವಿಲುತೀರ್ಥವನ್ನು ತಲುಪಿದಾಗ ಹೇಳುವೆನು.

ಮೊದಲು ಗಾಡಿಯ ಮಾತು. ಬೆಂಗಳೂರಿನಂತಹ ನಗರಗಳಲ್ಲಿ ಸಜ್ಜುಗೊಂಡ ಕ್ಯಾರವಾನ್‌ಗಳು ಬಾಡಿಗೆಗೆ ದೊರೆಯುತ್ತವೆ. ಒಂದು ಸಲ ಹೋಗಿಬರುವವರಿಗೆ ಅದೇ ಲೇಸು. ವರ್ಷಕ್ಕೆ ನಾಲ್ಕಾರು ಸಲ ಹೊರಡುವ ಹಂಬಲವಿದ್ದವರು, ನಮ್ಮಂತೆ, ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಕೊಂಡು ಊರಿನ ಬಡಿಗರಿಂದಲೇ ಒಳಗಿನ ಸಜ್ಜು ಮಾಡಿಸಿಕೊಳ್ಳಬಹುದು. ಆದರೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿ ನಮೂದಾದ ವಿವರಗಳಿಗೆ ವಿರುದ್ಧವಾಗುವಂತೆ ವಾಹನದ ರಚನೆಯನ್ನು ಮಾರ್ಪಡಿಸಲಾಗದು. ಆದಕಾರಣ ಆಸನಗಳನ್ನು ಕಿತ್ತು ಮಂಚ ಕೂಡಿಸುವ ಮೊದಲೇ ಆರ್.ಟಿ.ಓ. ಕಚೇರಿಗೆ ಹೋಗಿ ಅನುಮತಿ ಪಡೆದುಕೊಳ್ಳತಕ್ಕದ್ದು. ಬೈಲಹೊಂಗಲದವರಿಗೆ ಕೆಎ 24ರ ಕಚೇರಿ ಊರಲ್ಲಿಯೇ ಇದೆ. ಈ ಕೆಲಸವನ್ನು ಹಿಂದುಮುಂದು ಮಾಡಿದವರು ವಿಮೆಯ ಸಂದರ್ಭದಲ್ಲಿ ಪರಿತಪಿಸಬೇಕಾಗುವುದು.

ಇಬ್ಬರಿಗೆ ಬೇಕಾದ ನೀರಿನ ಲೆಕ್ಕ ಸರಳ. ಕುಡಿಯಲು, ಬೇಯಿಸಲು, ಪಾತ್ರೆ ತೊಳೆಯಲು, ಮಿತವಾದ ಸ್ನಾನಕ್ಕೆ ಸೇರಿ ದಿನಕ್ಕೆ 40ರಿಂದ 50 ಲೀಟರು ಸಾಕು. ನೂರು ಲೀಟರಿನ ಟಾಕಿ ಇಟ್ಟರೆ ಎರಡು ದಿನಕ್ಕೆ ಚಿಂತೆಯಿಲ್ಲ; ಆದರೆ ಆ ನೀರೇ ನೂರು ಕಿಲೊ ತೂಗುವುದರಿಂದ ಟಾಕಿಯನ್ನು ಹಿಂಭಾಗದಲ್ಲಿಯಾಗಲಿ ಎತ್ತರದಲ್ಲಿಯಾಗಲಿ ಕೂಡಿಸದೆ, ಎರಡು ಅಚ್ಚುಗಳ ನಡುವೆ ನೆಲಮಟ್ಟಕ್ಕೆ ಸಮೀಪವಾಗಿ ಕೂಡಿಸಬೇಕು. ವಿದ್ಯುತ್ತಿಗೆ 12 ವೋಲ್ಟಿನ, 100 ಆಂಪಿಯರ್-ಅವರ್ ಸಾಮರ್ಥ್ಯದ ಪ್ರತ್ಯೇಕ ಬ್ಯಾಟರಿಯೊಂದಿದ್ದರೆ 1,200 ವ್ಯಾಟ್-ಅವರ್ ಕೂಡಿಟ್ಟಂತಾಯಿತು. ಸೀಸದ ಬ್ಯಾಟರಿಯಾದರೆ ಅದರ ಅರ್ಧಕ್ಕಿಂತ ಹೆಚ್ಚು ಬಳಸಿದಲ್ಲಿ ಅದರ ಆಯುಸ್ಸು ಕುಗ್ಗುವುದು. 25 ವ್ಯಾಟಿನ ಫ್ಯಾನು ರಾತ್ರಿ ಎಂಟು ತಾಸು ತಿರುಗಿದರೆ 200, ಎರಡು ಸಣ್ಣ ದೀಪಗಳಿಗೆ 50, ಮೊಬೈಲುಗಳಿಗೆ ಇನ್ನೊಂದು 40 ಎಂದು ಹಿಡಿದರೂ ಎರಡು ರಾತ್ರಿಗಳು ನಿರಾತಂಕವಾಗಿ ಕಳೆಯುವುವು. ಅಷ್ಟರೊಳಗೆ ಗಾಡಿ ಓಡಿ ಬ್ಯಾಟರಿ ತುಂಬಿಕೊಳ್ಳುವುದು. ಅಡಿಗೆಗೆ 5 ಕಿಲೊ ಸಿಲಿಂಡರು ಸಾಕು. ಅದನ್ನು ಹಚ್ಚಿದಾಗ ಎರಡು ಕಡೆಯ ಕಿಟಕಿಗಳು ತೆರೆದಿರಲಿ. ಮಲಗುವ ಮುನ್ನ ಸಿಲಿಂಡರಿನ ಬಾಯಲ್ಲಿಯೇ ಮುಚ್ಚಿರಿ. ಚಳಿಯೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಮಾತ್ರ ಮುಚ್ಚಿದ ಗಾಡಿಯೊಳಗೆ ಎಂದಿಗೂ ಇಟ್ಟುಕೊಳ್ಳಬೇಡಿರಿ. ಅದರ ವಿಷವಾಯುವಿಗೆ ವಾಸನೆಯಿಲ್ಲ. ಮಲಗಿದವರನ್ನು ಅದು ಎಬ್ಬಿಸುವುದಿಲ್ಲ.

ಕಾಲದ ವಿಷಯದಲ್ಲಿ ನವೆಂಬರಿನಿಂದ ಫೆಬ್ರುವರಿಯವರೆಗಿನ ದಿನಗಳೇ ಪ್ರಶಸ್ತ. ಮಳೆ ನಿಂತು ಸಾಗರ ತುಂಬಿರುತ್ತದೆ, ಹೊಲದಲ್ಲಿ ಬಿಳಿಜೋಳ, ಕಡಲೆ, ಕುಸುಬೆ ಇರುತ್ತವೆ, ರಾತ್ರಿ ಕೌದಿ ಬೇಕಾಗುವಷ್ಟು ಥಂಡಿ ಇರುತ್ತದೆ. ಮಾರ್ಚ್ ಕಳೆದ ಬಳಿಕ ತಗಡಿನ ಗಾಡಿಯೊಳಗೆ ಹಗಲು ಕೂಡಲಾಗದು.

ಬೆಳಗಾವಿಯ ಕಡೆಯಿಂದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬರುವವರಿಗೆ ಮಲಪ್ರಭೆಯ ಮೊದಲ ದರ್ಶನವಾಗುವುದು ಎಂ.ಕೆ. ಹುಬ್ಬಳ್ಳಿಯ ಸೇತುವೆಯಲ್ಲಿ. ಖಾನಾಪುರ ತಾಲ್ಲೂಕಿನ ಕಣಕುಂಬಿಯ ಮಲೆನಾಡಿನಲ್ಲಿ ಹುಟ್ಟಿದ ನದಿಯು ಇಲ್ಲಿಗೆ ಬರುವಷ್ಟರಲ್ಲಿ ನಡಿಗೆ ನಿಧಾನಿಸಿರುತ್ತದೆ. ಶರಣೆ ಗಂಗಾಂಬಿಕೆಯ ಐಕ್ಯಸ್ಥಳವು ನೀರಿನ ನಡುವೆಯೇ ಇದೆ. ಕಿತ್ತೂರು ಅಲ್ಲಿಂದ ಸಮೀಪ. 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಅಧಿಕಾರಿ ಥ್ಯಾಕರೆ ಕಾಳಗದಲ್ಲಿ ಬಿದ್ದ ಆ ಕೋಟೆಯಲ್ಲಿ ಈಗ ಉಳಿದಿರುವ ಅರಮನೆಯ ಮಣ್ಣಿನ ಗೋಡೆಗಳ ದಪ್ಪವನ್ನೂ ವಸ್ತುಸಂಗ್ರಹಾಲಯವನ್ನೂ ನೋಡಲು ಅರ್ಧ ದಿನವಾದರೂ ಬೇಕು. ಪ್ರತಿವರ್ಷ ಅಕ್ಟೋಬರ್ 23ರಿಂದ ನಡೆಯುವ ಉತ್ಸವದ ದಿನಗಳಲ್ಲಿ ಮನೆಗಾಡಿಗೆ ಅಲ್ಲಿ ನೆಲೆ ಸಿಗುವುದು ಕಷ್ಟ. ಉಳಿದ ದಿನಗಳಲ್ಲಿ ಕೆರೆಯ ಕಡೆ ಗಟ್ಟಿನೆಲ ಸಿಗುತ್ತದೆ. ಅಲ್ಲಿಂದ ಸಂಗೊಳ್ಳಿಯ ಮೇಲೆ ಹಾದು ಬೈಲಹೊಂಗಲಕ್ಕೆ ಬರುವ ದಾರಿಯನ್ನೇ ಹಿಡಿಯಿರಿ. ಕಿತ್ತೂರಿನ ರಾಣಿ ಚೆನ್ನಮ್ಮನು ಬ್ರಿಟಿಷರ ಸೆರೆಯಾಳಾಗಿ ಕೊನೆಯುಸಿರೆಳೆದು 1829ರಲ್ಲಿ ಮಣ್ಣಾದದ್ದು ಬೈಲಹೊಂಗಲದಲ್ಲಿ. ಸಮಾಧಿಯು ಊರೊಳಗೇ ಇದೆ. ಕಿತ್ತೂರಿನ ಕೋಟೆಯನ್ನು ಬೆಳಿಗ್ಗೆ ನೋಡಿ ಅದೇ ಸಂಜೆ ಈ ಸಮಾಧಿಯ ಮುಂದೆ ನಿಂತವರಿಗೆ, ನಡುವಿನ ಆ ಅಲ್ಪ ದೂರವನ್ನು ಆಕೆ ಯಾವ ಸ್ಥಿತಿಯಲ್ಲಿ ದಾಟಿರಬಹುದೆಂಬುದು ಮನಸ್ಸನ್ನು ಬಾಧಿಸದೆ ಬಿಡದು.

ದಿನಸಿಯನ್ನೆಲ್ಲ ಬೈಲಹೊಂಗಲದ ಪೇಟೆಯಲ್ಲಿಯೇ ಕಟ್ಟಿಸಿಕೊಳ್ಳುವುದು ಜಾಣತನ. ಕಟಕ ರೊಟ್ಟಿ ಎಂಟು ದಿನ ಕೆಡದು. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ತಿಂಗಳಾದರೂ ಕೆಡವು. ಮೊಸರು, ಉಳ್ಳಾಗಡ್ಡಿ, ಹಸಿ ಮೆಂತ್ಯೆ, ಬದನೆಕಾಯಿಗಳು ದಾರಿಯ ಪ್ರತಿಯೊಂದು ಹಳ್ಳಿಯಲ್ಲಿಯೂ ದೊರೆಯುತ್ತವೆ. ಮಾದಲಿಯ ಪುಡಿಯೊಂದು ಡಬ್ಬಿಯಿದ್ದರೆ ಹಾಲೋ ತುಪ್ಪವೋ ಸಿಕ್ಕಿದಲ್ಲಿ ಹಬ್ಬ. ನಮ್ಮ ಹಿರಿಯರು ಬುತ್ತಿ ಕಟ್ಟುವ ಶಾಸ್ತ್ರವನ್ನು ಎಷ್ಟು ಪರಿಪೂರ್ಣಗೊಳಿಸಿದ್ದರೆಂದರೆ, ಶೀತಕಪಾಟಿಲ್ಲದ ಮನೆಗಾಡಿಯ ಅಡಿಗೆಮನೆಯೊಳಗೆ ನಾವು ಹೊಸದಾಗಿ ಕಂಡುಹಿಡಿಯಬೇಕಾದುದು ಏನೂ ಉಳಿದಿರಲಿಲ್ಲ.

ಬೈಲಹೊಂಗಲದಿಂದ ಪೂರ್ವಕ್ಕೆ ಹೊರಟೊಡನೆ ನೆಲದ ಬಣ್ಣ ಕಪ್ಪಾಗುವುದು. ಈ ಇಡೀ ಲೇಖನದಲ್ಲಿ ಓದುಗರು ನೆನಪಿನಲ್ಲಿಡಬೇಕಾದ ಸಂಗತಿ ಒಂದೇ ಎಂದು ನನ್ನನ್ನು ಕೇಳಿದರೆ, ಇದನ್ನೇ ಹೇಳುವೆನು: ನಿಲ್ಲುವ ಜಾಗವನ್ನು ನೋಟದಿಂದ ಆರಿಸಬೇಡಿರಿ, ನೆಲದಿಂದ ಆರಿಸಿರಿ. ಎರೆಮಣ್ಣು ಒಣಗಿದಾಗ ಕಲ್ಲಿನಂತೆ ಬಿಗಿದು ಅಂಗೈಯಗಲ ಬಿರಿದಿರುತ್ತದೆ, ಒಂದು ಮಳೆ ಬಿದ್ದರೆ ಚಕ್ರವನ್ನು ಅಚ್ಚಿನವರೆಗೂ ನುಂಗುತ್ತದೆ. ಸಾಗರದ ಅಂಚಿನಲ್ಲಂತೂ ಮೇಲೆ ಒಣಪದರ, ಕೆಳಗೆ ಕೆಸರು. ಇದಕ್ಕೆ ವಿರುದ್ಧವಾದುದು ಮಡ್ಡಿ. ಗರಸು ಮಿಶ್ರಿತವಾಗಿ, ಕಾಲಿಟ್ಟರೆ ಕರಕರ ಸಪ್ಪಳ ಮಾಡುವ, ಬಂಡೆಯ ಬೆನ್ನು ಅಲ್ಲಲ್ಲಿ ತೋರುವ ಎತ್ತರದ ನೆಲ. ಚಕ್ಕಡಿಯವರು ರಾತ್ರಿಯ ಬಿಡಾರಕ್ಕೆ ಎಂದೆಂದಿಗೂ ಮಡ್ಡಿಯನ್ನೇ ಆರಿಸುತ್ತಿದ್ದರು.

ಇದನ್ನು ನಾನು ಬಲ್ಲವನಾಗಿದ್ದೂ ಮರೆತೆ. ಎರಡನೆಯ ದಿನ ಸೊಗಲದ ಸೋಮೇಶ್ವರನ ಸನ್ನಿಧಿಯಲ್ಲಿ, ಗುಡ್ಡದಿಂದ ಧುಮುಕುವ ನೀರಿನ ಸದ್ದು ಕೇಳುತ್ತ ಮಧ್ಯಾಹ್ನವನ್ನು ಕಳೆದು, ಸಾಗರದ ಹಿನ್ನೀರಿನ ಕಡೆಗೆ ಬಂದೆವು. ಸೂರ್ಯನು ನೀರಿಗಿಳಿಯುವ ಹೊತ್ತು. ಒಂದು ಕಾಲುದಾರಿ ನೀರಿನವರೆಗೂ ಹೋದಂತೆ ಕಂಡಿತು. ನನ್ನ ಮಡದಿ, ‘ಬ್ಯಾಡ್ರಿ, ಇಲ್ಲೇ ಮ್ಯಾಲ ನಿಲ್ಲಿಸೂಣು’ ಎಂದು ಎರಡು ಸಲ ಹೇಳಿದಳು. ಮೂವತ್ತು ಮಾರು ಇಳಿಯುವಷ್ಟರಲ್ಲಿ ಎಡಗಡೆಯ ಹಿಂಗಾಲಿ ಹೂತಿತು. ಗ್ಯಾಸು ಕೊಟ್ಟಷ್ಟೂ ಆಳಕ್ಕಿಳಿಯಿತು. ಅರ್ಧ ತಾಸಿನ ಮೇಲೆ ಹೊಲದಿಂದ ಮರಳುತ್ತಿದ್ದ ಒಬ್ಬ ರೈತರು ಬಂದು ಚಕ್ರದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ‘ಅಲ್ರೀ ಯಜಮಾನ್ರ, ಎರಿ ಒಳಗ ಯಾಕ ಇಳಿಸಿದ್ರಿ? ಮ್ಯಾಲ ಮಡ್ಡಿ ಕಾಣಲಿಲ್ಲೇನು?’ ಎಂದರು. ಕಾಣಲಿಲ್ಲವೆಂದು ಹೇಳುವಂತಿರಲಿಲ್ಲ. ಅವರು ನನ್ನಿಂದ ಸಲಿಕೆ ಇಸಿದುಕೊಂಡು ಚಕ್ರದ ಮುಂದಿನ ಮಣ್ಣನ್ನು ಇಳಿಜಾರಾಗಿ ಕೆತ್ತಿ, ಬದುವಿನಿಂದ ತೊಗರಿಕಟ್ಟಿಗೆಯ ಎರಡು ಹೊರೆ ತಂದು ಅಡ್ಡಡ್ಡಲಾಗಿ ತುರುಕಿ, ಚಕ್ರದ ಗಾಳಿಯನ್ನು ತುಸು ಇಳಿಸಿ, ಗಾಡಿಯನ್ನು ಮೊದಲನೆಯ ಗೇರಿನಲ್ಲಿ ಎಳೆದೂ ಎಳೆಯದ ಹಾಗೆ ಬಿಡಲು ಹೇಳಿದರು. ಕಟ್ಟಿಗೆ ಪಟಪಟನೆ ಮುರಿಯಿತು, ಗಾಡಿ ಮೇಲೆದ್ದಿತು. ಹಣವನ್ನು ಮುಟ್ಟಲಿಲ್ಲ. ನನ್ನಾಕೆ ‘ಅಣ್ಣಾರ, ಒಂದು ಕಪ್ಪು ಚಹಾರೆ ಕುಡೀರಿ’ ಎಂದಾಗ ಮಾತ್ರ ಮೆಟ್ಟಿಲ ಮೇಲೆ ಕೂತರು. ಆ ಸಂಜೆಯಿಂದೀಚೆಗೆ ನಮ್ಮ ಗಾಡಿಯಲ್ಲಿ ಸಲಿಕೆಯ ಜೊತೆಗೆ ನಾಲ್ಕಡಿಯ ಎರಡು ಹಲಗೆಗಳೂ ಚಕ್ರಕ್ಕೆ ಗಾಳಿ ತುಂಬುವ ಸಣ್ಣ ಪಂಪೂ ಇವೆ. ಇಳಿಯಬೇಕೆಂದಿರುವ ನೆಲವನ್ನು ಮೊದಲು ಒಬ್ಬರು ನಡೆದು, ಹಿಮ್ಮಡಿಯಿಂದ ಗುದ್ದಿ ನೋಡುವುದು ಈಗ ನಮ್ಮ ನಿಯಮ.

ಮರುದಿನ ನವಿಲುತೀರ್ಥ. ಅಣೆಕಟ್ಟು 40 ಮೀಟರಿನಷ್ಟು ಎತ್ತರವಿದ್ದೂ ಉದ್ದದಲ್ಲಿ ಕೇವಲ 155 ಮೀಟರಿನಷ್ಟೇ ಇದೆ. ಎರಡು ಗುಡ್ಡಗಳು ಅಷ್ಟು ಹತ್ತಿರ ನಿಂತಿವೆ. ಇಷ್ಟು ಕಿರಿದಾದ ಗೋಡೆಯ ಹಿಂದೆ 37.73 ಟಿ.ಎಂ.ಸಿ. ನೀರು ನಿಲ್ಲುವುದೆಂದರೆ ಆ ಗುಡ್ಡಗಳ ಕಲ್ಲಿನ ಕಸುವು ಎಂತಹುದಿರಬೇಕು! ನಾವು ಗಾಡಿಯನ್ನು ದೂರದ ಮಡ್ಡಿಯ ಮೇಲೆ ನಿಲ್ಲಿಸಿ, ಬೆಳಗಿನ ಎಳೆಬಿಸಿಲಿನಲ್ಲಿ ಬಂಡೆಗಳ ಮೇಲೆ ನಡೆದೆವು. ನಸುಗೆಂಪು ಛಾಯೆಯ ಬೆಣಚುಶಿಲೆ ಹಲಗೆ ಹಲಗೆಯಾಗಿ ಸೀಳಿ ಬಿದ್ದಿತ್ತು. ಅಂತಹ ಒಂದು ಹಲಗೆಯ ಮೇಲೆ ನನ್ನ ಮಡದಿ ಕೂತವಳು, ಕೈಯೂರಿದೊಡನೆ ಬೆರಳುಗಳ ಕೆಳಗೆ ಏನೋ ತರಿತರಿಯಾಗಿ ಹತ್ತಿತೆಂದು ನನ್ನನ್ನು ಕರೆದಳು. ಕಲ್ಲಿನ ಮೈಮೇಲೆ ಒಂದರ ಪಕ್ಕ ಒಂದರಂತೆ, ಬೆರಳಗಲದ ಅಂತರದಲ್ಲಿ ಏರಿಳಿವ ಗೆರೆಗಳು; ತೀರದ ಮರಳಿನ ಮೇಲೆ ಅಲೆ ಹಿಂಜರಿದಾಗ ಉಳಿಯುವಂತಹ ಗೆರೆಗಳೇ.

ಅವು ಅಲೆಯ ಗೆರೆಗಳೇ ಹೌದು. ಈ ಭಾಗದ ಶಿಲೆಗಳನ್ನು ಸರ್ವೇಕ್ಷಿಸಿ 1876ರಲ್ಲಿ ವಿವರಗಳನ್ನು ಪ್ರಕಟಿಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇವುಗಳನ್ನು ಕಲಾದಗಿಯ ಹೆಸರಿನಿಂದ ಕರೆದನು. ನೂರು ಕೋಟಿ ವರ್ಷಗಳಿಗೂ ಹಿಂದೆ ಈ ಸೀಮೆಯಲ್ಲಿ ಆಳವಿಲ್ಲದ ಕಡಲು ಮರಳಿನ ಮೇಲೆ ಆಡುತ್ತಿತ್ತು. ಅಲೆ ಕೊರೆದ ಗೆರೆಗಳ ಮೇಲೆ ಹೊಸ ಮರಳು ಕೂತು, ಅದರ ಮೇಲೆ ಇನ್ನಷ್ಟು ಕೂತು, ಭಾರದಿಂದ ಬಿಗಿದು, ಮರಳಿನ ಕಣಗಳ ನಡುವೆ ಸಿಲಿಕ ಇಳಿದು ಬೆಸೆದು, ಕಟ್ಟಕಡೆಗೆ ಸುತ್ತಿಗೆಗೂ ಜಗ್ಗದ ಬೆಣಚುಶಿಲೆಯಾಯಿತು. ಭೂವಿಜ್ಞಾನಿಗಳು ಈ ಪದರುಗಳಿಗೆ ನಮ್ಮ ಊರುಗಳ ಹೆಸರನ್ನೇ ಇಟ್ಟಿದ್ದಾರೆ. ಒಂದು ಶ್ರೇಣಿಯು ರಾಮದುರ್ಗದ್ದು, ಅದರೊಳಗಿನ ಬೆಣಚುಶಿಲೆ ಸವದತ್ತಿಯದು. ಅಂತೂ ಕಾರವಾರಕ್ಕೆ ಹೋಗದೆಯೇ ನಾವು ಕಡಲತೀರದಲ್ಲಿ ಕೂತಿದ್ದೆವು. ಎದುರಿಗಿನ ನೀರು ಅರ್ಧ ಶತಮಾನದ್ದು, ಕೆಳಗಿನ ಅಲೆ ಪ್ರಾಣಿಗಳೇ ಇಲ್ಲದ ಕಾಲದ್ದು. ಈ ಗೆರೆಗಳನ್ನು ನೋಡಬೇಕೆಂಬವರು ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ ಹೋಗತಕ್ಕದ್ದು. ನೆತ್ತಿಯ ಬಿಸಿಲಿನಲ್ಲಿ ನೆರಳಿಲ್ಲದೆ ಅವು ಮಾಯವಾಗುತ್ತವೆ. ಕಲ್ಲನ್ನು ಒಡೆದು ಮನೆಗೆ ತರುವ ಬುದ್ಧಿ ಮಾತ್ರ ಯಾರಿಗೂ ಬಾರದಿರಲಿ.

ನೀರಿನ ಬಳಿಯ ಎಚ್ಚರಿಕೆಗಳನ್ನು ಇಲ್ಲಿಯೇ ಹೇಳಿಬಿಡುವುದು ಉಚಿತ. ಅಣೆಕಟ್ಟಿನ ಆವರಣದೊಳಗೆ ರಾತ್ರಿ ತಂಗಲು ಯತ್ನಿಸಬೇಡಿರಿ. ಕಾವಲಿನವರು ತಡೆದಲ್ಲಿ ಅದು ಅವರ ಕರ್ತವ್ಯ. ಅಣೆಕಟ್ಟಿನ ಕೆಳಗಿನ ನದೀಪಾತ್ರದಲ್ಲಿ, ಬಂಡೆಗಳು ಎಷ್ಟೇ ಒಣಗಿ ಸುಂದರವಾಗಿದ್ದರೂ, ಗಾಡಿ ಇಳಿಸಲೇಬಾರದು. ಬಾಗಿಲು ತೆಗೆದಾಗ ನೀರು ಏರುವ ವೇಗವು ನಿದ್ದೆಯಲ್ಲಿದ್ದವರಿಗೆ ಅವಕಾಶ ಕೊಡದು. ದಡದ ಬಂಡೆಗಳು ನೀರಿಗೆ ತಾಗುವಲ್ಲಿ ಪಾಚಿಗಟ್ಟಿ ಜಾರುತ್ತವೆ, ಅಲ್ಲಿಂದ ಮುಂದಕ್ಕೆ ಆಳವು ಹಠಾತ್ತಾಗಿರುವುದುಂಟು. ಈಜು ಬಲ್ಲವರೂ ಇಳಿಯದಿರುವುದು ಕ್ಷೇಮ. ಹೊರಗಿಟ್ಟ ಪಾದರಕ್ಷೆಗಳನ್ನು ಬೆಳಿಗ್ಗೆ ಝಾಡಿಸಿ ಹಾಕಿಕೊಳ್ಳಿರಿ, ಕಲ್ಲೆತ್ತುವ ಮೊದಲು ಕೋಲಿನಿಂದ ಹೊರಳಿಸಿರಿ. ಚೇಳು, ಕೊಳಕುಮಂಡಲಗಳ ಮನೆ ಅದು. ಇನ್ನು ಸೋಪಿನ ನೀರು. ಹುಬ್ಬಳ್ಳಿ-ಧಾರವಾಡದ ಲಕ್ಷಾಂತರ ಮಂದಿ ಕುಡಿಯುವುದು ಈ ಸಾಗರದ ನೀರನ್ನೇ. ಪಾತ್ರೆ ತೊಳೆದ ನೀರನ್ನು ಕ್ಯಾನಿನಲ್ಲಿ ಕೂಡಿಟ್ಟು ದಡದಿಂದ ದೂರ ಒಣನೆಲಕ್ಕೆ ಚೆಲ್ಲಿರಿ. ಬಯಲಿಗೆ ಹೋಗುವುದು ಅನಿವಾರ್ಯವಾದಲ್ಲಿ ನೀರಿನಿಂದ ಇನ್ನೂರು ಅಡಿ ದೂರದಲ್ಲಿ ಗೇಣುದ್ದಕ್ಕೂ ಮಿಗಿಲಾಗಿ ಅಗೆದು ಮುಚ್ಚಿರಿ. ಈ ಮಾತನ್ನು ಬರೆಯಲು ನಾಚಿಕೆಪಡಬೇಕಾದುದಿಲ್ಲ. ಇದನ್ನು ಪಾಲಿಸದವರಿಂದಲೇ ಮನೆಗಾಡಿಯವರಿಗೆ ಮುಂದೆ ಯಾರೂ ಜಾಗ ಕೊಡದಂತಾಗುವುದು.

ಜಾಗ ಕೇಳುವ ಬಗೆಯೂ ಮುಖ್ಯ. ಹೊಲವಾದರೆ ಹೊಲದವರನ್ನು, ಗುಡಿಯ ಬಯಲಾದರೆ ಪೂಜಾರಿಯವರನ್ನು, ಹಗಲು ಹೊತ್ತಿನಲ್ಲಿಯೇ, ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗಿ ಕೇಳಿರಿ. ‘ಒಂದು ರಾತ್ರಿ ಇದ್ದು ಮುಂಜಾನೆ ಹೋಗ್ತೀವ್ರಿ’ ಎಂದರೆ ನಮ್ಮ ಕಡೆ ಬೇಡವೆಂದವರು ಒಬ್ಬರೂ ಇಲ್ಲ. ಬಹಳ ಕಡೆ ರೊಟ್ಟಿಯೂ ಬಂದಿತು.

ಸವದತ್ತಿಯಲ್ಲಿ ಎರಡು ರಾತ್ರಿ ಇರಿ. ರಟ್ಟರ ಕಾಲದ ಸುಗಂಧವರ್ತಿ ಇದೇ ಊರು. ಹದಿನೆಂಟನೆಯ ಶತಮಾನದಲ್ಲಿ ಶಿರಸಂಗಿಯ ಜಾಯಪ್ಪ ದೇಸಾಯಿ ಕಟ್ಟಿಸಿದ ಕೋಟೆಯೂ, ತಾಲ್ಲೂಕಿಗೆ ಹಿಂದೆ ತನ್ನ ಹೆಸರನ್ನೇ ಕೊಟ್ಟಿದ್ದ ಪರಸಗಡದ ಬಂಡೆಗುಡ್ಡವೂ, ಪಕ್ಕದ ಹೂಲಿಯಲ್ಲಿನ ಪಂಚಲಿಂಗೇಶ್ವರನೂ ಮನಗಂಡು ನೋಡತಕ್ಕವು. ಎಲ್ಲಮ್ಮನ ಗುಡ್ಡಕ್ಕೆ ಹೋಗುವವರು ಜೋಗುಳಬಾವಿಯ ಸತ್ಯಮ್ಮನಿಗೆ ಮೊದಲು ನಮಸ್ಕರಿಸುವುದು ಪದ್ಧತಿ. ಹೊಸ್ತಿಲ, ಬನದ, ಭಾರತ ಹುಣ್ಣಿಮೆಗಳ ಆಸುಪಾಸಿನಲ್ಲಿ ಗಾಡಿಯನ್ನು ಗುಡ್ಡಕ್ಕೆ ಒಯ್ಯುವುದಾದರೆ ಎರಡು ದಿನ ಹೊರಬರಲಾಗದೆಂದು ತಿಳಿದೇ ಒಯ್ಯಿರಿ. ನಾವು ಹುಣ್ಣಿಮೆ ಕಳೆದು ನಾಲ್ಕನೆಯ ದಿನ ಹೋದೆವು. ಆಗಲೂ ಹಿಂದುಳಿದ ಮೂರು ಚಕ್ಕಡಿಗಳು ಬಯಲಲ್ಲಿದ್ದವು. ಅದರಲ್ಲೊಂದರ ಅಜ್ಜಿ ನಮ್ಮ ಗಾಡಿಯನ್ನು ಒಳಹೊಕ್ಕು ನೋಡಿ, ಮಂಚದ ಕೆಳಗಿನ ಟಾಕಿಯನ್ನು ತಟ್ಟಿ, ‘ಇದು ಚಲೋ ಆತು ನೋಡವಾ, ನಮಗ ಕೊಡದ ನೀರು ಅರ್ಧ ಚೆಲ್ಲೇ ಹೋಗತಿತ್ತು’ ಎಂದರು.

ಮುನವಳ್ಳಿಯಿಂದ ಮುಂದಕ್ಕೆ ನದಿ ಮತ್ತೆ ನದಿಯಾಗುವುದು. ಯಾದವರ ಕಾಲದ ಪಂಚಲಿಂಗೇಶ್ವರ ಗುಡಿಯನ್ನೂ, ಬಿಡುವಿದ್ದರೆ ಶಿರಸಂಗಿಯ ಕಾಳಮ್ಮನನ್ನೂ ನೋಡಿಕೊಂಡು ತೊರಗಲ್ಲಿಗೆ ಬನ್ನಿರಿ. ಹೊಳೆಯ ದಂಡೆಯ ಆ ಹಳೆಯ ಕೋಟೆಯೂ ಭೂತನಾಥನ ಗುಡಿಗಳೂ ಜನಸಂದಣಿಯಿಲ್ಲದೆ ಮಲಗಿವೆ. ಗೊಡಚಿಯ ವೀರಭದ್ರನ ಜಾತ್ರೆಯೂ ಹೊಸ್ತಿಲ ಹುಣ್ಣಿಮೆಗೇ ಬೀಳುವುದರಿಂದ, ಆ ವಾರದಲ್ಲಿ ಈ ದಾರಿಯಲ್ಲಿ ಗಂಟೆಗೆ ಇಪ್ಪತ್ತು ಕಿಲೊಮೀಟರು ಸಾಗಿದರೆ ಪುಣ್ಯ.

ಭಾವೆ ಮನೆತನದ ಸಂಸ್ಥಾನವಾಗಿದ್ದು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ ರಾಮದುರ್ಗವು ಮಲಪ್ರಭೆಗೆ ಮೈಯೊಡ್ಡಿ ಕೂತ ಊರು. ಕೊನೆಯ ರಾತ್ರಿಗೆ ಪೇಟೆಯನ್ನು ಬಿಟ್ಟು ಸುರೇಬಾನದ ಬಳಿಯ ಶಬರಿಕೊಳ್ಳಕ್ಕೆ ಹೋಗಿರಿ. ಬೆಣಚುಗಲ್ಲಿನ ಗುಡ್ಡಗಳ ನಡುವೆ ಶಬರಿಯ ಗುಡಿ, ಪಕ್ಕದಲ್ಲಿ ಒರತೆ. ನೆಲ ಗಟ್ಟಿ. ನಾವಾದರೋ ಮೊದಲು ಹೊಳೆದಂಡೆಯಲ್ಲಿಯೇ ನಿಲ್ಲುವವರಿದ್ದೆವು. ಅಲ್ಲಿ ಬಟ್ಟೆ ಒಗೆಯುತ್ತಿದ್ದ ತಾಯಿಯೊಬ್ಬಳು ತನ್ನ ಮನೆಯ ಗೋಡೆಯನ್ನು ಬೆರಳು ಮಾಡಿ ತೋರಿಸಿದಳು. 2019ರ ಆಗಸ್ಟಿನಲ್ಲಿ ಸಾಗರ ತುಂಬಿ ನೀರು ಬಿಟ್ಟಾಗ ಹೊಳೆ ಬಂದು ನಿಂತ ಮಟ್ಟದಲ್ಲಿ ಮಣ್ಣಿನ ಗೆರೆಯೊಂದು ಕಿಟಕಿಯ ಮೇಲ್ಗಡೆ ಇನ್ನೂ ಇತ್ತು. ನಾವು ಹೋದದ್ದು ಮಳೆಗಾಲದಲ್ಲಲ್ಲ, ಆಕಾಶ ನಿರ್ಮಲವಾಗಿತ್ತು, ಹೊಳೆ ಕಣಕಾಲು ಮುಳುಗುವಷ್ಟಿತ್ತು. ಆದರೂ ನನ್ನ ಮಡದಿ ಮಾತಿಲ್ಲದೆ ಹೋಗಿ ಗಾಡಿಯಲ್ಲಿ ಕೂತಳು. ಕತ್ತಲಾಗುವ ಮೊದಲೇ ಶಬರಿಕೊಳ್ಳದ ಮಡ್ಡಿಯನ್ನೇರಿ, ಹಿಮ್ಮಡಿಯಿಂದ ನೆಲವನ್ನು ಗುದ್ದಿ ನೋಡಿ, ಗಾಡಿಯ ಮುಖವನ್ನು ದಾರಿಯ ಕಡೆಗೆ ತಿರುಗಿಸಿ ನಿಲ್ಲಿಸಿ, ಚಕ್ರಗಳಿಗೆ ಎರಡೆರಡು ಕಲ್ಲು ಕೊಟ್ಟು, ಆ ಮೇಲೆ ಚಹಾಕ್ಕೆ ನೀರಿಟ್ಟೆವು.